ಹೊಡೆಯುವ ಕಟ್ಟು, ತಡೆಯುವ ಕಟ್ಟು

ಮುನ್ನುಗ್ಗಿ ಹೊಡೆಯುವವನು ಶೂರ, ಬಾಗಿಲು ಭದ್ರಪಡಿಸಿಕೊಂಡು ಕಾಯುವವನು ಹೇಡಿ ಎಂಬ ಭಾವನೆ ಲೋಕದಲ್ಲಿ ಬಹುಕಾಲದಿಂದ ಬೇರೂರಿದೆ. ಎಲೆಗಳನ್ನು ಸಂಗ್ರಹಿಸಿ ಆಡುವ ಒಂದು ಬಗೆಯ ಆಟದಲ್ಲಿ ಮಾತ್ರ ಈ ಭಾವನೆ ತಲೆಕೆಳಗಾಗಿದೆ. ಅಲ್ಲಿ ಮುನ್ನುಗ್ಗುವವನನ್ನು ಲೆಕ್ಕ ಬಾರದ ದುಡುಕನೆಂದೂ, ತಡೆದು ಕಾಯುವವನನ್ನು ದೂರದೃಷ್ಟಿಯುಳ್ಳ ಪಂಡಿತನೆಂದೂ ಎಣಿಸುವವರು ಅನೇಕರುಂಟು. ಈ ಆಟದ ರುಚಿ ಹತ್ತಿದ ವಿದ್ಯಾರ್ಥಿಗಳು ಎರಡು ಪಕ್ಷಗಳಾಗಿ ಒಡೆದು, ಹೊಡೆಯುವ ಕಟ್ಟು ಮೇಲೋ ತಡೆಯುವ ಕಟ್ಟು ಮೇಲೋ ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ವಾದದ ಉತ್ಸಾಹವೇನೋ ಮೆಚ್ಚತಕ್ಕದ್ದೇ. ಆದರೆ ವಾದಕ್ಕೆ ಆರಿಸಿಕೊಂಡ ಪ್ರಶ್ನೆಯೇ ಸರಿಯಾದುದಲ್ಲವೆಂದು ನಮ್ಮ ಅಭಿಪ್ರಾಯ. ಆಕ್ರಮಣ, ರಕ್ಷಣೆ ಎಂಬುವು ಆಡುವವನ ಸ್ವಭಾವದ ಗುಣಗಳಲ್ಲ. ಕಾಲವು ಯಾರ ಪಕ್ಷದಲ್ಲಿದೆ ಎಂಬ ಒಂದೇ ಲೆಕ್ಕಕ್ಕೆ ದೊರೆಯುವ ಎರಡು ಉತ್ತರಗಳು ಅವು. ಈ ಲೆಕ್ಕವನ್ನು ಮಾಡದೆ, ತನ್ನ ಮನೋಧರ್ಮವನ್ನೇ ನೆಚ್ಚಿ ಆಡುವವನು ಒಳ್ಳೆಯ ಕಟ್ಟನ್ನು ಕೈಯಲ್ಲಿ ಹಿಡಿದೂ ಸೋಲುತ್ತಾನೆ.

ಆಟದ ಪರಿಚಯ

ನಾವು ಹೇಳುತ್ತಿರುವುದು ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟದ ವಿಷಯ. ಇದನ್ನು ರೂಪಿಸಿದವರು ಅಮೆರಿಕದ ರಿಚರ್ಡ್ ಗಾರ್‌ಫೀಲ್ಡ್. ಕ್ರಮಯೋಜನೆ ವಿಕಲ್ಪಗಳ ಗಣಿತದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿ ಪಡೆದವರು ಅವರು. 1993ರಲ್ಲಿ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಎಂಬ ಸಂಸ್ಥೆ ಈ ಆಟವನ್ನು ಹೊರತಂದಿತು. ಇಸ್ಪೀಟಿನಲ್ಲಿ ಎಲ್ಲರೂ 52 ಎಲೆಗಳ ಒಂದೇ ಕಟ್ಟಿನಿಂದ ಎಲೆ ಹಂಚಿಕೊಳ್ಳುತ್ತಾರೆ. ಇಲ್ಲಿಯಾದರೋ ಪ್ರತಿಯೊಬ್ಬನೂ ಸಾವಿರಾರು ಬಗೆಯ ಎಲೆಗಳೊಳಗಿಂದ ತನಗೆ ಬೇಕಾದುವನ್ನು ಆರಿಸಿ, ತನ್ನದೇ ಆದ ಕಟ್ಟನ್ನು ಸಿದ್ಧಪಡಿಸಿಕೊಂಡು ಎದುರಾಳಿಯ ಮುಂದೆ ಕೂರುತ್ತಾನೆ. ಆದುದರಿಂದ ಅರ್ಧ ಆಟ ಮೇಜಿಗೆ ಬರುವ ಮೊದಲೇ, ಕಟ್ಟನ್ನು ಕಟ್ಟುವಾಗಲೇ, ನಡೆದಿರುತ್ತದೆ.

ನಿಯಮಗಳಲ್ಲಿ ನಮ್ಮ ಚರ್ಚೆಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇವೆ. ಸಾಮಾನ್ಯವಾಗಿ ಕಟ್ಟಿನಲ್ಲಿ 60ಕ್ಕೆ ಕಡಮೆಯಿಲ್ಲದಷ್ಟು ಎಲೆಗಳಿರಬೇಕು. ಮೂಲ ಭೂಮಿಯೆಲೆಗಳನ್ನು ಬಿಟ್ಟು ಒಂದೇ ಹೆಸರಿನ ಎಲೆ 4ಕ್ಕಿಂತ ಹೆಚ್ಚು ಇರಬಾರದು. ಆಟದ ಆರಂಭದಲ್ಲಿ ಪ್ರತಿಯೊಬ್ಬನಿಗೂ 20 ಅಂಶಗಳ ಆಯುಸ್ಸು, ಕೈಯಲ್ಲಿ 7 ಎಲೆಗಳು. ಸರದಿ ಬಂದಾಗಲೆಲ್ಲ ಒಂದು ಎಲೆಯನ್ನು ಎತ್ತಬಹುದು. ಮೊದಲು ಆಡುವವನಿಗೆ ಮಾತ್ರ ಅವನ ಮೊದಲ ಸರದಿಯಲ್ಲಿ ಈ ಹಕ್ಕಿಲ್ಲ. ಒಂದು ಸರದಿಗೆ ಒಂದು ಭೂಮಿಯೆಲೆಯನ್ನು ಇಳಿಸಬಹುದು. ಭೂಮಿಯು ಪ್ರತಿ ಸರದಿಯಲ್ಲಿಯೂ ಒಂದು ಅಂಶ ಶಕ್ತಿಯನ್ನು ಕೊಡುತ್ತದೆ. ಆ ಶಕ್ತಿಯನ್ನು ಬೆಲೆಯಾಗಿ ತೆತ್ತು ಜೀವಿಗಳನ್ನೂ ಮಂತ್ರಗಳನ್ನೂ ಆಡಬೇಕು. ಎದುರಾಳಿಯ ಆಯುಸ್ಸನ್ನು ಸೊನ್ನೆಗೆ ಇಳಿಸಿದವನು ಗೆದ್ದನು.

ಇನ್ನೊಂದು ನಿಯಮವಿದೆ, ಚರ್ಚೆಯ ಬೀಜವೇ ಅದರಲ್ಲಿದೆ. ಹೊಸದಾಗಿ ಇಳಿದ ಜೀವಿ ಅದೇ ಸರದಿಯಲ್ಲಿ ದಾಳಿ ಮಾಡಲಾರದು. ದಾಳಿಗೆ ಹೋದ ಜೀವಿಯ ಎಲೆಯನ್ನು ಅಡ್ಡಲಾಗಿ ತಿರುಗಿಸಬೇಕು. ತನ್ನ ಒಡೆಯನ ಮುಂದಿನ ಸರದಿ ಬರುವವರೆಗೆ ಅದು ಎದುರಾಳಿಯ ದಾಳಿಯನ್ನು ತಡೆಯಲಾರದು. ಎಂದರೆ ಹೊಡೆಯಲು ಹೋದವನು ಅಷ್ಟರಮಟ್ಟಿಗೆ ತನ್ನ ಬಾಗಿಲನ್ನು ತೆರೆದಿಟ್ಟು ಹೋಗುತ್ತಾನೆ. ಒಂದೇ ಜೀವಿ, ಒಂದೇ ಬಲ. ಅದನ್ನು ಕತ್ತಿಯಾಗಿ ಬಳಸಬೇಕೆ, ಗುರಾಣಿಯಾಗಿ ಬಳಸಬೇಕೆ ಎಂಬುದನ್ನು ಪ್ರತಿ ಸರದಿಯಲ್ಲಿಯೂ ನಿರ್ಧರಿಸಲೇಬೇಕು.

ಹೊಡೆಯುವವನ ಗಣಿತ

ಮುನ್ನುಗ್ಗುವ ಕಟ್ಟಿಗೆ ಲೆಕ್ಕ ಬೇಡವೆನ್ನುವವರು ಕೆಳಗಿನ ಎಣಿಕೆಯನ್ನು ಗಮನಿಸಬೇಕು. ಸರದಿಗೊಂದರಂತೆ ಭೂಮಿ ಇಳಿದರೆ ಮೊದಲ ಸರದಿಯಲ್ಲಿ 1, ಎರಡನೆಯದರಲ್ಲಿ 2, ಮೂರನೆಯದರಲ್ಲಿ 3, ನಾಲ್ಕನೆಯದರಲ್ಲಿ 4, ಅಂತೂ ನಾಲ್ಕು ಸರದಿಗಳಲ್ಲಿ 10 ಅಂಶ ಶಕ್ತಿ ದೊರೆಯುತ್ತದೆ. ಬಳಸದೆ ಬಿಟ್ಟ ಶಕ್ತಿಯನ್ನು ನಾಳೆಗೆಂದು ಕೂಡಿಡುವಂತಿಲ್ಲ. ಆಯಾ ಸರದಿಯೊಂದಿಗೆ ಅದು ಹೋಯಿತು. ನಾಲ್ಕು ಅಂಶ ಬೆಲೆಯ ಭಾರಿ ಎಲೆಗಾಗಿ ಮೂರು ಸರದಿ ಸುಮ್ಮನೆ ಕುಳಿತವನು 10ರಲ್ಲಿ 6 ಅಂಶಗಳನ್ನು ಗಾಳಿಗೆ ತೂರಿದಂತಾಯಿತು. ಅಗ್ಗದ ಎಲೆಗಳನ್ನು ಕೂಡಿಸಿಕೊಂಡವನು ಹತ್ತನ್ನೂ ಬಳಸುತ್ತಾನೆ. ಆಕ್ರಮಣದ ಕಟ್ಟಿನ ಗುಟ್ಟು ರೋಷವಲ್ಲ, ಮಿತವ್ಯಯ.

ಮೊದಲ ಮೂರು ಸರದಿಗಳಲ್ಲಿ ಬಲ 2 ಇರುವ ಒಂದೊಂದು ಜೀವಿಯನ್ನು ಇಳಿಸಿದೆವೆನ್ನೋಣ. ಯಾರೂ ತಡೆಯದಿದ್ದರೆ ಎರಡನೆಯ ಸರದಿಯಲ್ಲಿ 2, ಮೂರನೆಯದರಲ್ಲಿ 4, ನಾಲ್ಕನೆಯದರಲ್ಲಿ 6, ಐದನೆಯದರಲ್ಲಿ 6, ಒಟ್ಟು 18 ಅಂಶಗಳ ಏಟು ಎದುರಾಳಿಗೆ ಬೀಳುತ್ತದೆ. ‘ಲೈಟ್ನಿಂಗ್ ಬೋಲ್ಟ್’ ಎಂಬ ಸಿಡಿಲಿನ ಎಲೆ 1 ಅಂಶ ಬೆಲೆಗೆ 3 ಅಂಶಗಳ ಪೆಟ್ಟು ಕೊಡುತ್ತದೆ. 18ಕ್ಕೆ ಅದೊಂದು ಸೇರಿದರೆ 21 ಆಯಿತು. ಐದನೆಯ ಸರದಿಗೆ ಆಟ ಮುಗಿಯಿತು. ಬರಿಯ ಸಿಡಿಲುಗಳೇ ಆದರೂ ಏಳು ಸಾಕು. ಕೈಗೆ ಮೊದಲು ಬರುವ ಎಲೆಗಳೂ ಏಳೇ ಎಂಬುದನ್ನು ವಾಚಕರು ನೆನೆಯಲಿ.

ಈ ಮಿತವ್ಯಯದ ತತ್ತ್ವಕ್ಕೆ ಒಂದು ಪ್ರಸಿದ್ಧ ನಿದರ್ಶನವುಂಟು. 1996ರಲ್ಲಿ ಪಾಲ್ ಸ್ಲೈ ಎಂಬವರು ಅಟ್ಲಾಂಟದ ಒಂದು ಅರ್ಹತಾ ಪಂದ್ಯದಲ್ಲಿ, ಜೇ ಷ್ನೈಡರ್ ಎಂಬವರ ಯೋಜನೆಯಂತೆ ರಚಿಸಿದ ಕೆಂಪು ಬಣ್ಣದ ಕಟ್ಟನ್ನು ಆಡಿ ಎಲ್ಲರನ್ನೂ ಬೆರಗುಗೊಳಿಸಿದರು. ಅದರಲ್ಲಿದ್ದ ಜೀವಿಗಳನ್ನು ನೋಡಿದವರು ಇವು ಯಾರೂ ಬೇಡವೆಂದು ಬಿಸುಟ ಎಲೆಗಳಲ್ಲವೆ ಎಂದುಕೊಳ್ಳುವಂತಿತ್ತು. ಅವುಗಳಲ್ಲಿ ‘ಐರನ್‌ಕ್ಲಾ ಓರ್ಕ್ಸ್’ ಎಂಬುದೊಂದು. ಬೆಲೆ 2, ಬಲ 2. ಆದರೆ ಬಲ 2 ಅಥವಾ ಅದಕ್ಕಿಂತ ಹೆಚ್ಚಿರುವ ಜೀವಿಯನ್ನು ಅದು ತಡೆಯಲಾರದು. ದೋಷವಿರುವುದು ತಡೆಯುವ ಕೆಲಸದಲ್ಲಿ ಮಾತ್ರ ಎಂಬುದನ್ನು ಗಮನಿಸಬೇಕು. ಎಂದೂ ತಡೆಯಲು ನಿಲ್ಲದೆ ಹೊಡೆಯುವುದಕ್ಕೇ ಹೋಗುವವನಿಗೆ ಅದು ದೋಷವೇ ಅಲ್ಲ. ಎಲೆಯ ಯೋಗ್ಯತೆ ಎಲೆಯಲ್ಲಿಲ್ಲ, ಅದಕ್ಕೆ ಒಪ್ಪಿಸಿದ ಕೆಲಸದಲ್ಲಿದೆ ಎಂಬ ಪಾಠವನ್ನು ಆ ಕಟ್ಟು ಕಲಿಸಿತು. ಇಂದಿಗೂ ಆ ಬಗೆಯ ಕಟ್ಟುಗಳಿಗೆ ಸ್ಲೈ ಅವರ ಹೆಸರೇ ನಿಂತಿದೆ.

ತಡೆಯುವವನ ಗಣಿತ

ರಕ್ಷಣೆಯ ಕಟ್ಟು ಬೇರೊಂದು ನಾಣ್ಯದಲ್ಲಿ ವ್ಯಾಪಾರ ಮಾಡುತ್ತದೆ. ಹೊಡೆಯುವವನು ಕಾಲವನ್ನು ಉಳಿಸಲು ಎಲೆಗಳನ್ನು ಖರ್ಚು ಮಾಡಿದರೆ, ತಡೆಯುವವನು ಎಲೆಗಳನ್ನು ಉಳಿಸಲು ಕಾಲವನ್ನೂ ಆಯುಸ್ಸನ್ನೂ ಖರ್ಚು ಮಾಡುತ್ತಾನೆ. ‘ರ‍್ಯಾತ್ ಆಫ್ ಗಾಡ್’, ಎಂದರೆ ದೇವರ ಕೋಪ, ಎಂಬ ಎಲೆ ಇದಕ್ಕೆ ಉತ್ತಮ ಉದಾಹರಣೆ. ಅದರ ಬೆಲೆ 4; ಪರಿಣಾಮ, ಮೇಜಿನ ಮೇಲಿರುವ ಸಕಲ ಜೀವಿಗಳ ನಾಶ.

ಮೇಲಿನ ಎಣಿಕೆಗೆ ಇದನ್ನು ಸೇರಿಸಿ ನೋಡೋಣ. ಆಕ್ರಮಣಕಾರನು ಮೊದಲು ಆಡಿದನು. ಅವನ ನಾಲ್ಕನೆಯ ಸರದಿ ಮುಗಿಯುವಷ್ಟರಲ್ಲಿ 12 ಅಂಶ ಹೋಗಿ ರಕ್ಷಕನಿಗೆ ಉಳಿದದ್ದು 8. ಈಗ ರಕ್ಷಕನು ತನ್ನ ನಾಲ್ಕನೆಯ ಭೂಮಿಯನ್ನು ಇಳಿಸಿ ದೇವರ ಕೋಪವನ್ನು ಆಡಿದರೆ, ಅವನ ಒಂದು ಎಲೆಗೆ ಎದುರಾಳಿಯ ಮೂರು ಎಲೆಗಳು ನಾಶವಾದುವು. ಕಳೆದುಕೊಂಡ 12 ಅಂಶ ಆಯುಸ್ಸಿನಿಂದ ರಕ್ಷಕನು ಎರಡು ಎಲೆಗಳ ಲಾಭವನ್ನು ಕೊಂಡುಕೊಂಡನೆಂದಾಯಿತು. ಆಯುಸ್ಸು 20 ಇದ್ದರೂ 1 ಇದ್ದರೂ ಬದುಕಿರುವವನು ಬದುಕಿರುವವನೇ. ಕೊನೆಯ ಒಂದು ಅಂಶವನ್ನು ಬಿಟ್ಟು ಮಿಕ್ಕ 19ನ್ನೂ ವ್ಯಾಪಾರಕ್ಕೆ ಹಾಕಬಹುದು. ರಕ್ಷಣೆಯ ಕಟ್ಟಿನ ಗುಟ್ಟು ಅಂಜಿಕೆಯಲ್ಲ, ಈ ವ್ಯಾಪಾರ.

1990ರ ದಶಕದ ಮಧ್ಯಭಾಗದಲ್ಲಿ ಬ್ರಯಾನ್ ವೈಸ್‌ಮನ್ ಎಂಬವರು ಈ ತತ್ತ್ವದ ಮೇಲೆ ಒಂದು ಕಟ್ಟನ್ನು ರಚಿಸಿದರು. ಅದಕ್ಕೆ ‘ದ ಡೆಕ್’ ಎಂದಷ್ಟೇ ಹೆಸರು. ಕಟ್ಟು ಎಂದರೆ ಇದೊಂದೇ ಎಂಬಂತೆ. ಎದುರಾಳಿ ಆಡಿದ ಎಲೆಯನ್ನು ರದ್ದುಪಡಿಸುವ ಪ್ರತಿಮಂತ್ರಗಳು, ಹೆಚ್ಚು ಎಲೆಗಳನ್ನು ತಂದುಕೊಡುವ ಸಾಧನಗಳು, ಇಳಿದ ಜೀವಿಯನ್ನು ತೊಲಗಿಸುವ ಉಪಾಯಗಳು, ಇವುಗಳಿಂದಲೇ ಅದು ತುಂಬಿತ್ತು. ಗೆಲ್ಲುವ ಕೆಲಸಕ್ಕೆ ಮುಖ್ಯವಾಗಿ ‘ಸೆರಾ ಏಂಜಲ್’ ಎಂಬ ಹಾರುವ ದೇವದೂತಿ. ಅವಳ ಬಲ 4. ದಾಳಿಗೆ ಹೋದರೂ ಎಲೆಯನ್ನು ತಿರುಗಿಸಬೇಕಾಗಿಲ್ಲ. ಎಂದರೆ ಬಾಗಿಲು ತೆರೆಯದೆಯೇ ಹೊಡೆಯಬಲ್ಲವಳು. ಎದುರಾಳಿಯ ಕೈ ಬರಿದಾದ ಮೇಲೆ ಅವಳೊಬ್ಬಳೇ ಐದು ಏಟಿನಲ್ಲಿ ಆಟವನ್ನು ಮುಗಿಸುವಳು. ಐದು ಸರದಿ ತಡವಾದರೇನು? ಕಾಲ ಆಗ ಅವಳ ಪಕ್ಷದಲ್ಲಿರುತ್ತದೆ.

ಇಲ್ಲಿ ಭೂಮಿಯೆಲೆಗಳ ಲೆಕ್ಕವನ್ನೂ ನೋಡಬೇಕು. ರಕ್ಷಕನಿಗೆ ನಾಲ್ಕನೆಯ ಸರದಿಗೆ ನಾಲ್ಕು ಭೂಮಿ ಬೇಕೇ ಬೇಕು. ಮೊದಲು ಆಡುವವನು ಆ ಹೊತ್ತಿಗೆ 10 ಎಲೆಗಳನ್ನು ಕಂಡಿರುತ್ತಾನೆ. ಅವುಗಳಲ್ಲಿ ನಾಲ್ಕಾದರೂ ಭೂಮಿಯಾಗಿರುವ ಸಂಭವನೀಯತೆ, 60ರಲ್ಲಿ 20 ಭೂಮಿಯಿದ್ದರೆ ಶೇಕಡ 44; 24 ಇದ್ದರೆ ಶೇಕಡ 63; 26 ಇದ್ದರೆ ಶೇಕಡ 72. ಎರಡನೆಯವನಾಗಿ ಆಡಿದರೆ ಒಂದು ಎಲೆ ಹೆಚ್ಚಾಗಿ ಕಾಣುವುದರಿಂದ ಸ್ವಲ್ಪ ಅನುಕೂಲ ಉಂಟು. ಆಕ್ರಮಣಕಾರನಿಗಾದರೋ ಎರಡು ಭೂಮಿಯಿಂದಲೇ ಕೆಲಸ ಸಾಗುತ್ತದೆ. 20 ಭೂಮಿಯ ಕಟ್ಟಿನಲ್ಲಿ, ಮೊದಲು ಆಡುವವನಿಗೂ, ಎರಡನೆಯ ಸರದಿಗೆ ಎರಡು ಭೂಮಿ ದೊರೆಯುವ ಸಂಭವನೀಯತೆ ಶೇಕಡ 82. ಆದುದರಿಂದ ಅವನು ಆರು ಭೂಮಿಗಳನ್ನು ಕಡಮೆಮಾಡಿ ಆ ಸ್ಥಳದಲ್ಲಿ ಆರು ಏಟುಗಳನ್ನು ತುಂಬಿಕೊಳ್ಳುತ್ತಾನೆ. ಹೀಗೆ, ಯಾವ ಪಾತ್ರವನ್ನು ವಹಿಸುವೆವೆಂಬ ನಿರ್ಧಾರ ಎಲೆಗಳ ಆಯ್ಕೆಯೊಳಗೆ ಮಾತ್ರವಲ್ಲದೆ ಭೂಮಿಯ ಸಂಖ್ಯೆಯೊಳಗೂ ಇಳಿದಿರುತ್ತದೆ. ಇದಿಷ್ಟು ಅದಿಷ್ಟು ಎಂದು ಬೆರೆಸಿ, 80 ಅಥವಾ 100 ಎಲೆಗಳ ಕಟ್ಟು ಮಾಡುವವರು ಎರಡೂ ಲಾಭಗಳನ್ನು ಕಳೆದುಕೊಳ್ಳುತ್ತಾರೆ. 60ರ ಕಟ್ಟಿನಲ್ಲಿ ನಾಲ್ಕು ಪ್ರತಿಗಳಿರುವ ಎಲೆ ಮೊದಲ ಏಳರಲ್ಲಿ ಒಂದಾದರೂ ಬರುವ ಸಂಭವನೀಯತೆ ಶೇಕಡ 40. 100ರ ಕಟ್ಟಿನಲ್ಲಿ ಅದು ಶೇಕಡ 26ಕ್ಕೂ ಕಡಮೆ.

ಪಾತ್ರ ಮರೆತವನ ಸೋಲು

ಇಷ್ಟರಿಂದ ಕೆಲವರು, ‘ಸರಿ, ಹೊಡೆಯುವ ಕಟ್ಟನ್ನು ಕಟ್ಟಿದವನು ಹೊಡೆಯಬೇಕು, ತಡೆಯುವ ಕಟ್ಟನ್ನು ಕಟ್ಟಿದವನು ತಡೆಯಬೇಕು, ಇನ್ನೇನು?’ ಎಂದಾರು. ಇಲ್ಲಿಯೇ ನಾವು ಭಿನ್ನಾಭಿಪ್ರಾಯವನ್ನು ಹೇಳಬೇಕಾಗಿದೆ.

ನಮ್ಮ ಊರುಗಳ ಜಗಲಿಕಟ್ಟೆಗಳ ಮೇಲೆ ಹಿರಿಯರು ಆಡುತ್ತಿದ್ದ ಹುಲಿ-ಕುರಿ ಆಟವನ್ನು ನೆನೆಯಿರಿ. ಅಲ್ಲಿ ಹುಲಿ ಹುಲಿಯೇ, ಕುರಿ ಕುರಿಯೇ. ಹಾರಿ ಕೊಲ್ಲುವುದು ಹುಲಿಯ ಕೆಲಸ, ಸುತ್ತುಗಟ್ಟಿ ಕೂಡಿಹಾಕುವುದು ಕುರಿಗಳ ಕೆಲಸ. ಆಟ ಮುಗಿಯುವವರೆಗೆ ಈ ವ್ಯವಸ್ಥೆ ಬದಲಾಗುವುದಿಲ್ಲ. ಎಲೆಯಾಟದಲ್ಲಿ ಹಾಗಲ್ಲ. ನಾವು ಹುಲಿಯೋ ಕುರಿಯೋ ಎಂಬುದು ಎದುರಿಗೆ ಯಾರು ಕುಳಿತಿದ್ದಾರೆ ಎಂಬುದರಿಂದ ಗೊತ್ತಾಗಬೇಕು. ಆಟದ ನಡುವೆ ಅದು ಬದಲಾಗಲೂಬಹುದು. ಎರಡು ಆಕ್ರಮಣದ ಕಟ್ಟುಗಳು ಎದುರುಬದುರಾದಾಗ ಎರಡರಲ್ಲಿ ಒಂದು ತುಸುವಾದರೂ ನಿಧಾನವಾಗಿರುತ್ತದೆ. ಬರಿಯ ಓಟದಲ್ಲಿ ಅದು ಸೋಲುವುದು ಖಂಡಿತ. ಆದುದರಿಂದ ಅದು ತಡೆಯುವ ಪಾತ್ರವನ್ನು ವಹಿಸಲೇಬೇಕು. ಹಾಗೆಯೇ ಎರಡು ರಕ್ಷಣೆಯ ಕಟ್ಟುಗಳು ಸಂಧಿಸಿದಾಗ, ದೀರ್ಘ ಆಟದಲ್ಲಿ ಸೋಲತಕ್ಕ ಕಟ್ಟು ಕಾಯುತ್ತ ಕುಳಿತರೆ ಸೋಲಿಗಾಗಿ ಕಾಯುತ್ತ ಕುಳಿತಂತೆಯೇ ಸರಿ. ಅಮೆರಿಕದ ಮೈಕ್ ಫ್ಲೋರೆಸ್ 1999ರಲ್ಲಿ ಬರೆದ ಒಂದು ಲೇಖನದಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದರು. ಒಂದೇ ಬಗೆಯ ಎರಡು ಕಟ್ಟುಗಳ ನಡುವೆಯೂ ಒಬ್ಬನು ಹೊಡೆಯುವವನು, ಇನ್ನೊಬ್ಬನು ತಡೆಯುವವನು ಆಗಿಯೇ ತೀರಬೇಕು. ತನ್ನ ಪಾತ್ರವನ್ನು ತಪ್ಪಾಗಿ ತಿಳಿದವನು ಸೋಲುತ್ತಾನೆ ಎಂಬುದು ಅದರ ಸಾರ.

ಒಂದು ಲೆಕ್ಕವನ್ನು ನೋಡೋಣ. ಇಬ್ಬರಿಗೂ 10 ಅಂಶ ಆಯುಸ್ಸು ಉಳಿದಿದೆ, ಸರದಿ ನಮ್ಮದು. ನಮ್ಮಲ್ಲಿ ನೆಲದ ಮೇಲೆ ನಡೆಯುವ ಎರಡು ಜೀವಿಗಳಿವೆ, ಒಂದೊಂದರ ಬಲ 3. ಎದುರಾಳಿಯಲ್ಲಿ ಹಾರುವ ಜೀವಿ ಒಂದು, ಬಲ 4. ನೆಲದ ಜೀವಿ ಹಾರುವ ಜೀವಿಯನ್ನು ತಡೆಯಲಾರದು. ಹಾರುವ ಜೀವಿ ದಾಳಿಗೆ ಹೊರಟರೆ ನಮ್ಮ ಸರದಿಯಲ್ಲಿ ಅದೂ ತಡೆಯಲಾರದು. ಈಗ ಅದು ದಾಳಿಗೆ ಹೋಗಿ ಬಂದು ತಿರುಗಿ ಕುಳಿತಿದೆಯೆನ್ನೋಣ.

ನಾವು ಎರಡನ್ನೂ ಹೊಡೆಯಲು ಕಳುಹಿಸಿದರೆ ಅವನ ಆಯುಸ್ಸು 4ಕ್ಕೆ ಇಳಿಯುತ್ತದೆ. ಅವನು ತಿರುಗಿ ಹೊಡೆದು ನಮ್ಮನ್ನು 6ಕ್ಕೆ ಇಳಿಸುತ್ತಾನೆ. ನಮ್ಮ ಮುಂದಿನ ದಾಳಿಯಲ್ಲಿ ಆಟ ಮುಗಿಯುತ್ತದೆ, ನಾವು ಗೆದ್ದೆವು. ಅಂಜುಕುಳಿಯಾದವನು ‘ಮನೆಯಲ್ಲೊಂದು ಕಾವಲಿರಲಿ’ ಎಂದು ಒಂದು ಜೀವಿಯನ್ನು ಹಿಂದಿಟ್ಟುಕೊಂಡರೆ ಏನಾಗುತ್ತದೆ? ಮೂರು ಮೂರರಂತೆ ಅವನ ಆಯುಸ್ಸು 7, 4, 1 ಎಂದು ಇಳಿಯುತ್ತದೆ. ನಾಲ್ಕು ನಾಲ್ಕರಂತೆ ನಮ್ಮದು 6, 2, ಆಮೇಲೆ ಸೊನ್ನೆ. ಅವನಿಗೆ ಒಂದೇ ಒಂದು ಅಂಶ ಉಳಿದಿರುವಾಗ ನಾವು ಸೋತಿರುತ್ತೇವೆ. ಹಿಂದೆ ಉಳಿದ ಕಾವಲಿನವನು ಕಾಯಬೇಕಾದ ಶತ್ರು ಆಕಾಶದಲ್ಲಿದ್ದನು. ಕಾವಲಿನಿಂದ ಪ್ರಯೋಜನವಾಗಲಿಲ್ಲ, ಹೊಡೆತ ಮಾತ್ರ ಅರ್ಧವಾಯಿತು. ಎದುರಾಳಿ ಜಾಣನಾದರೆ ನಮ್ಮ ಮೊದಲ ಪೂರ್ಣ ದಾಳಿಯ ಅನಂತರ ತನ್ನ ಹಾರುವ ಜೀವಿಯನ್ನು ತಡೆಯಲು ಮನೆಯಲ್ಲಿ ಇಟ್ಟುಕೊಳ್ಳಬಹುದು. ಒಳ್ಳೆಯದು, ಆಗ ಅವನ ದಾಳಿ ನಿಂತುಹೋಯಿತು. ನಮ್ಮ ದಾಳಿಯೇ ನಮ್ಮ ರಕ್ಷಣೆಯ ಕೆಲಸವನ್ನೂ ಮಾಡಿತು.

ಇದಕ್ಕೆ ಪ್ರತಿಯಾದ ತಪ್ಪೂ ಉಂಟು. ಎದುರಾಳಿಯ ಕೈಯಲ್ಲಿ ದೇವರ ಕೋಪವಿರಬಹುದೆಂದು ಬಲ್ಲ ಆಕ್ರಮಣಕಾರನು, ಮೇಜಿನ ಮೇಲೆ ಮೂರು ಜೀವಿಗಳು ಈಗಾಗಲೇ ಸಾಕಾಗುವಷ್ಟು ಹೊಡೆಯುತ್ತಿದ್ದರೂ, ಉತ್ಸಾಹದಿಂದ ನಾಲ್ಕನೆಯದನ್ನೂ ಐದನೆಯದನ್ನೂ ಇಳಿಸಿಬಿಡುತ್ತಾನೆ. ಎದುರಾಳಿಯ ಒಂದು ಎಲೆಗೆ ಐದು ಎಲೆ ನಾಶವಾದ ಮೇಲೆ, ಬರಿಗೈಯಲ್ಲಿ ಕುಳಿತು ವಿಧಿಯನ್ನು ಹಳಿಯುತ್ತಾನೆ. ಎರಡು ಎಲೆಗಳನ್ನು ಕೈಯಲ್ಲಿ ಹಿಡಿದಿದ್ದರೆ ಮರುಸರದಿಯಲ್ಲಿಯೇ ದಾಳಿಯನ್ನು ಮತ್ತೆ ಕಟ್ಟಬಹುದಾಗಿತ್ತು. ವಿಧಿಯ ತಪ್ಪೇನೂ ಇಲ್ಲ. ತಾಳ್ಮೆ ರಕ್ಷಕನಿಗೆ ಮಾತ್ರ ಬೇಕಾದ ಗುಣವೆಂದು ತಿಳಿದದ್ದೇ ಅವನ ತಪ್ಪು.

ಪ್ರಕೃತಿಯಲ್ಲಿ ಇದೇ ಲೆಕ್ಕ

ಯಾವ ವ್ಯೂಹವೂ ತಾನೇ ತಾನಾಗಿ ಶ್ರೇಷ್ಠವಲ್ಲ, ಎದುರಿನವರು ಏನು ಮಾಡುತ್ತಿದ್ದಾರೆಂಬುದನ್ನು ಅವಲಂಬಿಸಿ ಅದರ ಬೆಲೆ ಏರಿಳಿಯುತ್ತದೆ ಎಂಬ ತತ್ತ್ವ ಜೀವವಿಜ್ಞಾನಕ್ಕೆ ಹೊಸದಲ್ಲ. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಎಂಬ ವಿಜ್ಞಾನಿಗಳು ಪ್ರಾಣಿಗಳ ಕಲಹಕ್ಕೆ ಆಟಗಳ ಗಣಿತವನ್ನು ಅನ್ವಯಿಸಿ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಈ ಚಿಂತನೆಯಿಂದ ಬೆಳೆದ ಗಿಡುಗ-ಪಾರಿವಾಳಗಳ ಮಾದರಿ ಇಂದು ಪಠ್ಯಪುಸ್ತಕಗಳಲ್ಲಿ ಸೇರಿದೆ. ಗಿಡುಗನ ವೃತ್ತಿಯವನು ಗಾಯವಾಗುವವರೆಗೂ ಹೋರಾಡುತ್ತಾನೆ. ಪಾರಿವಾಳದ ವೃತ್ತಿಯವನು ಬೆದರಿಸಿ ನೋಡಿ ಹಿಂದೆಗೆಯುತ್ತಾನೆ. ಎಲ್ಲರೂ ಪಾರಿವಾಳಗಳಾದ ಕಡೆ ಒಂದು ಗಿಡುಗ ಸುಖವಾಗಿ ಬಾಳುತ್ತದೆ. ಎಲ್ಲರೂ ಗಿಡುಗಗಳಾದ ಕಡೆ ಪಾರಿವಾಳವಾಗಿರುವುದೇ ಲೇಸು. ಗಾಯದ ನಷ್ಟ ದೊರೆಯುವ ಬಹುಮಾನದ ಐದರಷ್ಟಾಗಿದ್ದರೆ, ಸಮೂಹದ ಐದನೆಯ ಒಂದು ಪಾಲು ಗಿಡುಗವೃತ್ತಿಯಲ್ಲಿದ್ದಾಗ ಸಮತೂಕ ಏರ್ಪಡುತ್ತದೆಂದು ಗಣಿತ ತೋರಿಸುತ್ತದೆ.

ಬ್ಯಾರಿ ಸಿನರ್ವೊ ಮತ್ತು ಕರ್ಟಿಸ್ ಲೈವ್ಲಿ 1996ರಲ್ಲಿ ಕ್ಯಾಲಿಫೋರ್ನಿಯದ ಒಂದು ಜಾತಿಯ ಓತಿಗಳಲ್ಲಿ ಇದರ ಜೀವಂತ ನಿದರ್ಶನವನ್ನು ತೋರಿಸಿದರು. ಕಿತ್ತಳೆ ಬಣ್ಣದ ಕೊರಳಿನ ಗಂಡುಗಳು ಆಕ್ರಮಣಶೀಲ. ದೊಡ್ಡ ಪ್ರದೇಶವನ್ನು ಹಿಡಿದು ನೀಲಿ ಕೊರಳಿನವನ್ನು ಸೋಲಿಸುತ್ತವೆ. ಆದರೆ ಅಷ್ಟು ದೊಡ್ಡ ಪ್ರದೇಶವನ್ನು ಕಾಯಲಾರದೆ, ಹೆಣ್ಣಿನಂತೆ ನಟಿಸಿ ನುಸುಳುವ ಹಳದಿ ಕೊರಳಿನವಕ್ಕೆ ಸೋಲುತ್ತವೆ. ಹಳದಿಯವು, ಸಂಗಾತಿಯ ಹತ್ತಿರವೇ ಇದ್ದು ಕಾಯುವ ನೀಲಿಯವಕ್ಕೆ ಸೋಲುತ್ತವೆ. ಮೂರೂ ಉಳಿದಿವೆ, ಒಂದೊಂದು ಕಾಲದಲ್ಲಿ ಒಂದೊಂದು ಮೇಲಾಗುತ್ತದೆ. ಎಲೆಯಾಟದ ಪಂದ್ಯಗಳಲ್ಲಿಯೂ ಇದೇ ಏರಿಳಿತ ಉಂಟು. ಎಲ್ಲರೂ ನಿಧಾನವಾದ ಭಾರಿ ಕಟ್ಟುಗಳನ್ನು ತಂದರೆ ವೇಗದ ಕಟ್ಟು ಅವರನ್ನು ಬೇಟೆಯಾಡುತ್ತದೆ. ವೇಗದ ಕಟ್ಟುಗಳು ಹೆಚ್ಚಾದ ಕೂಡಲೆ ಅವನ್ನು ಗುಡಿಸಿಹಾಕುವ ರಕ್ಷಣೆಯ ಕಟ್ಟಿಗೆ ಸುಗ್ಗಿ. ಆದುದರಿಂದ ‘ಯಾವುದು ಮೇಲು?’ ಎಂದು ಕೇಳುವವನಿಗೆ ‘ಯಾರೆದುರಿಗೆ?’ ಎಂದು ಮರುಪ್ರಶ್ನೆ ಹಾಕುವುದೇ ಸರಿಯಾದ ಉತ್ತರ.

ಹಾಗಾದರೆ ಎಲ್ಲವನ್ನೂ ಸೂತ್ರದಿಂದಲೇ ತೀರ್ಮಾನಿಸಬಹುದೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಸಾಧ್ಯವಿಲ್ಲ. ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬಿಡರ್‌ಮನ್ ಮತ್ತು ಆಸ್ಟಿನ್ ಹೆರಿಕ್ 2019ರಲ್ಲಿ, ಈ ಆಟದ ಎಲೆಗಳಿಂದಲೇ ಟ್ಯೂರಿಂಗ್ ಯಂತ್ರವನ್ನು ರಚಿಸಬಹುದೆಂದು ತೋರಿಸಿದರು. ಎಂದರೆ, ಗೆಲ್ಲುವವನು ಯಾರೆಂದು ಯಾವ ಗಣಕಯಂತ್ರವೂ ಸಾಮಾನ್ಯ ವಿಧಾನದಿಂದ ಹೇಳಲಾರದಂಥ ಸ್ಥಿತಿಗಳು ಈ ಆಟದಲ್ಲಿ ಇರಬಲ್ಲವು. ಅವು ಬೇಕೆಂದೇ ರಚಿಸಿದ ವಿಚಿತ್ರ ಸ್ಥಿತಿಗಳೆಂಬುದೇನೋ ನಿಜ. ಆದರೂ ಲೆಕ್ಕ ನಮ್ಮ ವಿವೇಚನೆಗೆ ಊರುಗೋಲೇ ಹೊರತು ಅದರ ಬದಲಿಯಲ್ಲ ಎಂಬುದನ್ನು ಅದು ನೆನಪಿಸುತ್ತದೆ.

ತರುಣರಿಗೆ ನಮ್ಮ ಸಲಹೆ

ಹೊಸದಾಗಿ ಆಟ ಕಲಿಯುವವರು ಮೊದಲು ಹೊಡೆಯುವ ಕಟ್ಟನ್ನೇ ಕಟ್ಟಬೇಕೆಂದು ನಾವು ಹೇಳುತ್ತೇವೆ. ಅದು ಸುಲಭವೆಂದಲ್ಲ. ಆಕ್ರಮಣವೆಂದರೆ ಪ್ರಶ್ನೆ ಕೇಳುವುದು, ರಕ್ಷಣೆಯೆಂದರೆ ಉತ್ತರ ಹೇಳುವುದು. ಉತ್ತರ ಹೇಳುವವನು ಬರಬಹುದಾದ ಪ್ರಶ್ನೆಗಳನ್ನೆಲ್ಲ ಮೊದಲೇ ಬಲ್ಲವನಾಗಿರಬೇಕು. ಪ್ರಶ್ನೆಪತ್ರಿಕೆಗಳನ್ನೇ ನೋಡದವನು ಪರೀಕ್ಷೆಗೆ ಕುಳಿತು ಪರದಾಡುವಂತೆ ಹೊಸಬನು ರಕ್ಷಣೆಯ ಕಟ್ಟಿನೊಡನೆ ಪರದಾಡುತ್ತಾನೆ. ಮೇಲಾಗಿ ಆಕ್ರಮಣದ ಕಟ್ಟು ತಪ್ಪನ್ನು ಬೇಗ ತೋರಿಸಿಕೊಡುತ್ತದೆ. ರಕ್ಷಣೆಯ ಆಟದಲ್ಲಿ ಮೂರನೆಯ ಸರದಿಯ ತಪ್ಪು ಹದಿನೈದನೆಯ ಸರದಿಯಲ್ಲಿ ಫಲ ಕೊಡುವುದರಿಂದ ಕಾರ್ಯಕಾರಣಗಳ ಸಂಬಂಧ ಕಲಿಯುವವನ ಕಣ್ಣಿಗೆ ಬೀಳುವುದಿಲ್ಲ.

ಹಣದ ಮಾತನ್ನೂ ಆಡದೆ ಬಿಡಲಾಗದು. ಈ ಎಲೆಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿ ಮಾರುವುದು ವಾಡಿಕೆ. ಒಳಗೆ ಏನಿದೆಯೆಂಬುದು ಕೊಳ್ಳುವವನಿಗೆ ತಿಳಿಯದು. ಮೊದಲ ಮುದ್ರಣದ ಕಾಲದಲ್ಲಿ ಸಿಡಿಲು ಸಾಮಾನ್ಯ ಎಲೆಯಾಗಿತ್ತು, ದೇವರ ಕೋಪ ಅಪೂರ್ವ ಎಲೆಯಾಗಿತ್ತು. ಒಂದು ಶ್ರೇಣಿಯಲ್ಲಿ 60 ಅಪೂರ್ವ ಎಲೆಗಳಿದ್ದು, ಪೊಟ್ಟಣಕ್ಕೊಂದರಂತೆ ಸಮಸಂಭವದಿಂದ ಬರುತ್ತವೆಂದು ಭಾವಿಸಿದರೆ, 60 ಪೊಟ್ಟಣಗಳನ್ನು ಕೊಂಡ ಮೇಲೂ ನಮಗೆ ಬೇಕಾದ ಒಂದು ಎಲೆ ದೊರೆಯದಿರುವ ಸಂಭವನೀಯತೆ ಶೇಕಡ 36. ತಂದೆತಾಯಿಗಳು ಕೊಟ್ಟ ಕೈಖರ್ಚಿನ ಹಣವನ್ನು ಈ ಲಾಟರಿಗೆ ಸುರಿಯುವುದು ಜಾಣತನವಲ್ಲ. ರಕ್ಷಣೆಯ ಕಟ್ಟು ಶ್ರೇಷ್ಠವೆಂಬ ಭ್ರಮೆಯಿಂದ ಅಪೂರ್ವ ಎಲೆಗಳ ಬೆನ್ನು ಹತ್ತಿ ಹೋಗುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ಗೆಳೆಯರೊಡನೆ ಮನೆಯಲ್ಲಿ ಅಭ್ಯಾಸ ಮಾಡುವಾಗ ಕಾಗದದ ಚೂರಿನ ಮೇಲೆ ಎಲೆಯ ಹೆಸರನ್ನು ಬರೆದುಕೊಂಡು ಆಡಿದರೂ ಆಟದ ಬುದ್ಧಿ ಬೆಳೆಯುವುದಕ್ಕೆ ಅಡ್ಡಿಯಿಲ್ಲ.

ಆಟದ ಎಲೆಗಳೇ ಇಲ್ಲದವರೂ ಇದರ ಗಣಿತವನ್ನು ಪರೀಕ್ಷಿಸಬಹುದು. 60 ಹುಣಿಸೆ ಬೀಜಗಳನ್ನು ತೆಗೆದುಕೊಂಡು 24ಕ್ಕೆ ಸುಣ್ಣದ ಗುರುತು ಹಚ್ಚಿ, ಚೀಲದಲ್ಲಿ ಹಾಕಿ ಕಲೆಸಿ, ನೋಡದೆ 10ನ್ನು ಎತ್ತಿರಿ. ಗುರುತಿನವು ನಾಲ್ಕು ಅಥವಾ ಹೆಚ್ಚು ಬಂದುವೆ ಎಂದು ಬರೆದಿಟ್ಟುಕೊಂಡು ಬೀಜಗಳನ್ನು ಮತ್ತೆ ಚೀಲಕ್ಕೆ ಹಾಕಿರಿ. ನೂರು ಸಲ ಹೀಗೆ ಮಾಡಿದರೆ ನಾವು ಮೇಲೆ ಹೇಳಿದ ಶೇಕಡ 63ರ ಆಸುಪಾಸಿನ ಸಂಖ್ಯೆ ದೊರೆಯಬೇಕು. ಗಣಕಯಂತ್ರ ಬಲ್ಲವರು ಲಕ್ಷ ಸಲ ಮಾಡಿಸಿ ನೋಡಬಹುದು. ದೊರೆತ ಉತ್ತರವನ್ನು ವಿಕಲ್ಪಗಳ ಸೂತ್ರದೊಡನೆ ತಾಳೆ ನೋಡಿದರೆ, ತರಗತಿಯಲ್ಲಿ ಒಣ ಪಾಠವಾಗಿ ಕಂಡದ್ದು ಇಲ್ಲಿ ಜೀವ ತಳೆಯುತ್ತದೆ.

ಕೊನೆಯದಾಗಿ ಒಂದು ಮಾತು. ‘ನಾನು ಹೊಡೆಯುವವನು’, ‘ನಾನು ತಡೆಯುವವನು’ ಎಂದು ತನಗೆ ತಾನೇ ಬಿರುದು ಕಟ್ಟಿಕೊಂಡವನು ಆಡುವ ಮೊದಲೇ ತನ್ನ ಕೈಗಳಲ್ಲಿ ಒಂದನ್ನು ಕಟ್ಟಿಹಾಕಿಕೊಂಡವನು. ಕಟ್ಟನ್ನು ಕಟ್ಟುವಾಗ ಒಂದು ಪಾತ್ರವನ್ನು ಆರಿಸಿ ದೃಢವಾಗಿ ಕಟ್ಟಬೇಕು. ಆಡುವಾಗ ಆ ಪಾತ್ರವನ್ನು ಬಿಟ್ಟುಕೊಡಲೂ ಸಿದ್ಧನಿರಬೇಕು. ಸರದಿ ಬಂದಾಗಲೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಆಟ ಇನ್ನೂ ಹತ್ತು ಸರದಿ ನಡೆದರೆ ಗೆಲ್ಲುವವನು ಯಾರು? ನಾನೇ ಆದರೆ ತಡೆಯಬೇಕು. ಅವನಾದರೆ ಈಗಲೇ ಹೊಡೆಯಬೇಕು.